ರಕ್ತದ ರಿಪೋರ್ಟಿನಲ್ಲಿರುವುದು ಯಾವ ಸೋಡಿಯಂ? ಪರಮಾಣುವಿನಿಂದ ಅಯಾನಿನವರೆಗೆ, ಹೆಜ್ಜೆ ಹೆಜ್ಜೆಯಾಗಿ

ಹೋದ ವರ್ಷ ಅಮ್ಮನಿಗೆ ಮೂರು ದಿನ ವಾಂತಿ, ಸುಸ್ತು. ಮಾತಾಡಿಸಿದರೆ ಮಂಕಾಗಿ ನೋಡುತ್ತಿದ್ದರು. ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು, "ಸೋಡಿಯಂ ಕಮ್ಮಿ ಆಗಿದೆ, ಅಡ್ಮಿಟ್ ಮಾಡಿ" ಅಂದರು. ರಿಪೋರ್ಟಿನಲ್ಲಿ 124 ಅಂತ ಇತ್ತು. ಪಕ್ಕದಲ್ಲಿ, ಇರಬೇಕಾದದ್ದು 135ರಿಂದ 145 ಎಂದು ಅಚ್ಚಾಗಿತ್ತು. ನನ್ನ ಅಣ್ಣನ ಮಗಳು ಒಂಬತ್ತನೇ ಕ್ಲಾಸು. ಆ ಹಾಳೆಯನ್ನೇ ನೋಡುತ್ತಾ ಕೂತಿದ್ದವಳು ಕೇಳಿದಳು: "ಚಿಕ್ಕಪ್ಪಾ, ಸೋಡಿಯಂ ನೀರಿಗೆ ಬಿದ್ರೆ ಹತ್ತಿ ಉರಿಯುತ್ತೆ ಅಂತ ಮಿಸ್ ಹೇಳಿದಾರೆ. ಅಜ್ಜಿ ರಕ್ತದಲ್ಲಿ ಅದು ಹೆಂಗೆ ಸುಮ್ನಿರುತ್ತೆ?"

ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ? ಉತ್ತರ ಇರುವುದು ಒಂದೇ ಒಂದು ಎಲೆಕ್ಟ್ರಾನಿನಲ್ಲಿ. ನೀರಿನಲ್ಲಿ ಉರಿಯುವುದು ಸೋಡಿಯಂ ಲೋಹ. ಅದರ ಪ್ರತಿ ಪರಮಾಣುವಿನಲ್ಲೂ 11 ಎಲೆಕ್ಟ್ರಾನ್ ಇರುತ್ತವೆ. ರಕ್ತದಲ್ಲಿ, ಕಣ್ಣೀರಿನಲ್ಲಿ, ಸಾರಿನಲ್ಲಿ ಇರುವುದು ಸೋಡಿಯಂ ಅಯಾನು. ಅದರಲ್ಲಿ 10. ಹೆಸರು ಒಂದೇ ಆದರೂ ನಡತೆ ಪೂರ್ತಿ ಬೇರೆ. ಈ ಒಂದು ಎಲೆಕ್ಟ್ರಾನಿನ ಲೆಕ್ಕ ಕೈಗೆ ಸಿಕ್ಕಿತೆಂದರೆ ಪರಮಾಣುವಿನ ಪಾಠ ಹೆಚ್ಚುಕಡಿಮೆ ಮುಗಿದಂತೆ. ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳಿಗೆ ಹೇಳಿಕೊಟ್ಟ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಹಾಳೆ, ಪೆನ್ಸಿಲ್, ವಿಜ್ಞಾನ ಪುಸ್ತಕದಲ್ಲಿರುವ ಆವರ್ತ ಕೋಷ್ಟಕ, ಇಷ್ಟಿದ್ದರೆ ಸಾಕು.

ಶುರು ಮಾಡುವ ಮೊದಲು ಪದಗಳ ಬಗ್ಗೆ ಒಂದು ಮಾತು. ನಾವು ಅಣು ಬಾಂಬ್, ಅಣು ವಿದ್ಯುತ್ ಅಂತೆಲ್ಲ ಹೇಳಿ ರೂಢಿ. ಆದರೆ ರಸಾಯನ ವಿಜ್ಞಾನದಲ್ಲಿ ಅಣು ಬೇರೆ, ಪರಮಾಣು ಬೇರೆ. ಪರಮಾಣುಗಳು ಕೂಡಿಕೊಂಡು ಆಗುವುದು ಅಣು. ಎರಡು ಹೈಡ್ರೋಜನ್ ಪರಮಾಣು, ಒಂದು ಆಕ್ಸಿಜನ್ ಪರಮಾಣು ಸೇರಿದರೆ ನೀರಿನ ಒಂದು ಅಣು. ಇಲ್ಲಿ ನಾವು ನೋಡುತ್ತಿರುವುದು ಪರಮಾಣುವನ್ನು. ಇನ್ನೊಂದು, ಪುಸ್ತಕದಲ್ಲಿ ವಿದ್ಯುದಾವೇಶ ಅಂತ ಇರುವುದನ್ನು ನಾನು ಚಾರ್ಜ್ ಅಂತಲೇ ಬರೆಯುತ್ತೇನೆ. ಓದುವುದಕ್ಕೆ ಹಗುರ.

ಹೆಜ್ಜೆ 1: ಪ್ರೋಟಾನ್ ಎಷ್ಟು ಅಂತ ನೋಡಿ

ಆವರ್ತ ಕೋಷ್ಟಕದಲ್ಲಿ ಸೋಡಿಯಂ ಹುಡುಕಿ. ಅದರ ಮನೆಯಲ್ಲಿ 11 ಎಂಬ ಸಂಖ್ಯೆ ಇರುತ್ತದೆ. ಅದು ಪರಮಾಣು ಸಂಖ್ಯೆ. ಅಂದರೆ ಪರಮಾಣುವಿನ ನಡುವಿನ ತಿರುಳಿನಲ್ಲಿ, ನ್ಯೂಕ್ಲಿಯಸ್ಸಿನಲ್ಲಿ, ಇರುವ ಪ್ರೋಟಾನ್‌ಗಳ ಸಂಖ್ಯೆ. ಒಂದೊಂದು ಪ್ರೋಟಾನಿಗೂ ಒಂದೊಂದು ಪ್ಲಸ್ ಚಾರ್ಜ್.

ಈ ಸಂಖ್ಯೆಯನ್ನು ಹಾಳೆಯ ಮೇಲೆ ಬರೆದು ಸುತ್ತ ಒಂದು ವೃತ್ತ ಹಾಕಿ. ಇಡೀ ಲೆಕ್ಕ ಮುಗಿಯುವವರೆಗೂ ಇದನ್ನು ಮುಟ್ಟುವ ಹಾಗಿಲ್ಲ. ಯಾಕೆಂದರೆ ಸೋಡಿಯಂ ಎಂಬ ಹೆಸರು ಬಂದಿರುವುದೇ ಈ 11ರಿಂದ. 12 ಆದರೆ ಅದು ಮೆಗ್ನೀಸಿಯಂ, 10 ಆದರೆ ನಿಯಾನ್. ಒಲೆಯ ಮೇಲೆ ಕುದಿಸಿ, ಆಸಿಡ್ ಹಾಕಿ, ಬ್ಯಾಟರಿಗೆ ಜೋಡಿಸಿ, ಏನೇ ಮಾಡಿದರೂ ಪ್ರೋಟಾನ್ ಕದಲುವುದಿಲ್ಲ. ಅದನ್ನು ಬದಲಿಸುವುದು ಪರಮಾಣು ರಿಯಾಕ್ಟರಿನ, ಸೂರ್ಯನ ಒಡಲಿನ ಕೆಲಸ. ಪರೀಕ್ಷೆಯಲ್ಲಿ ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. "ಸೋಡಿಯಂಗೆ ಪ್ಲಸ್ ಬಂತು, ಹಾಗಾದರೆ ಒಂದು ಪ್ರೋಟಾನ್ ಸೇರಿತು" ಅಂತ ಬರೆದುಬಿಡುತ್ತಾರೆ.

ಪರಮಾಣು ಸಂಖ್ಯೆಗೆ ಇಷ್ಟು ಗಟ್ಟಿ ಅರ್ಥ ಬಂದದ್ದು 1913ರಲ್ಲಿ, ಹೆನ್ರಿ ಮೋಸ್ಲಿ ಎಂಬ ಇಂಗ್ಲೆಂಡಿನ ಹುಡುಗನಿಂದ. ಒಂದೊಂದು ಧಾತುವೂ ಹೊರಡಿಸುವ ಎಕ್ಸ್-ರೇಗಳನ್ನು ಅಳೆದು, ಕೋಷ್ಟಕದಲ್ಲಿ ಧಾತುವಿನ ಸ್ಥಾನವೆಂದರೆ ಅದರ ನ್ಯೂಕ್ಲಿಯಸ್ಸಿನ ಚಾರ್ಜ್ ಎಂದು ತೋರಿಸಿದ. ಎರಡು ವರ್ಷದ ನಂತರ ಗಲಿಪೊಲಿಯ ಯುದ್ಧದಲ್ಲಿ ಸತ್ತ. ಆಗ ಅವನಿಗೆ ಬರೀ 27 ವರ್ಷ. ಕೋಷ್ಟಕ ತೆರೆದಾಗಲೆಲ್ಲ ನನಗೆ ಅವನ ನೆನಪಾಗುತ್ತದೆ.

ಹೆಜ್ಜೆ 2: ನ್ಯೂಟ್ರಾನ್ ಎಣಿಸಿ, ಪಕ್ಕಕ್ಕಿಡಿ

ಸೋಡಿಯಂನ ರಾಶಿ ಸಂಖ್ಯೆ, ಅಂದರೆ ಪ್ರೋಟಾನ್ ನ್ಯೂಟ್ರಾನ್ ಎರಡೂ ಕೂಡಿದ ಲೆಕ್ಕ, 23. ಅದರಲ್ಲಿ 11 ಪ್ರೋಟಾನ್ ಕಳೆದರೆ 12 ನ್ಯೂಟ್ರಾನ್. ಇವಕ್ಕೆ ಚಾರ್ಜ್ ಇಲ್ಲ. ಹಾಗಾಗಿ ನಮ್ಮ ಅಯಾನಿನ ಲೆಕ್ಕಕ್ಕೆ ಬರುವುದಿಲ್ಲ. ಕ್ಲೋರಿನ್‌ನಲ್ಲಿ ಎರಡು ಬಗೆಯ ಪರಮಾಣು ಇವೆ, ಒಂದಕ್ಕೆ 18 ನ್ಯೂಟ್ರಾನ್, ಇನ್ನೊಂದಕ್ಕೆ 20. ಮೊದಲನೆಯದು ನೂರಕ್ಕೆ 76ರಷ್ಟು. ಕೋಷ್ಟಕದಲ್ಲಿ ಕ್ಲೋರಿನ್ ತೂಕ 35.5 ಅಂತ ಅರ್ಧಂಬರ್ಧ ಕಾಣುವುದು ಈ ಮಿಶ್ರಣದ ಸರಾಸರಿಯಿಂದ. ಐಸೋಟೋಪ್ ಅಂದರೆ ನ್ಯೂಟ್ರಾನ್ ವ್ಯತ್ಯಾಸ, ಅಯಾನು ಅಂದರೆ ಎಲೆಕ್ಟ್ರಾನ್ ವ್ಯತ್ಯಾಸ. ಎರಡನ್ನೂ ಕಲಸಬೇಡಿ.

ಹೆಜ್ಜೆ 3: ಎಲೆಕ್ಟ್ರಾನ್‌ಗಳನ್ನು ಕವಚಗಳಲ್ಲಿ ಕೂರಿಸಿ

ಪರಮಾಣುವಿಗೆ ಒಟ್ಟಾರೆ ಚಾರ್ಜ್ ಇಲ್ಲ. ಅಂದಮೇಲೆ 11 ಪ್ರೋಟಾನ್ ಇದ್ದರೆ 11 ಎಲೆಕ್ಟ್ರಾನ್ ಇರಲೇಬೇಕು. ಒಂದೊಂದಕ್ಕೂ ಒಂದೊಂದು ಮೈನಸ್. ಇವುಗಳ ತೂಕ ತುಂಬಾ ಕಡಿಮೆ. ಒಂದು ಪ್ರೋಟಾನ್ ಸುಮಾರು 1836 ಎಲೆಕ್ಟ್ರಾನ್‌ಗಳಷ್ಟು ತೂಗುತ್ತದೆ.

ಅಳತೆಯ ಅಂದಾಜು ಸಿಗಲಿ ಅಂತ ಒಂದು ಲೆಕ್ಕ ಹೇಳುತ್ತೇನೆ. ವಿಜಯಪುರದ ಗೋಲ್ ಗುಮ್ಮಟ ನೋಡಿದ್ದೀರಲ್ಲ? ಮೇಲಿನ ಗುಮ್ಮಟದ ಹೊರ ಅಡ್ಡಳತೆ ಸುಮಾರು 44 ಮೀಟರ್. ಒಂದು ಸೋಡಿಯಂ ಪರಮಾಣುವನ್ನು ಅಷ್ಟು ದೊಡ್ಡದು ಮಾಡಿದರೆ, ನಡುವಿನ ನ್ಯೂಕ್ಲಿಯಸ್ ಒಂದು ಗಸಗಸೆ ಕಾಳಿನಷ್ಟಾಗುತ್ತದೆ. ಪರಮಾಣುವಿನ ತೂಕದಲ್ಲಿ ನೂರಕ್ಕೆ 99.97 ಭಾಗ ಆ ಗಸಗಸೆ ಕಾಳಿನಲ್ಲೇ ಇರುತ್ತದೆ. ಉಳಿದ ಅಷ್ಟೂ ಜಾಗ 11 ಎಲೆಕ್ಟ್ರಾನ್‌ಗಳ ಓಡಾಟಕ್ಕೆ. 1911ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಈ ತೀರ್ಮಾನಕ್ಕೆ ಬಂದದ್ದು ತೆಳು ಚಿನ್ನದ ಹಾಳೆಯ ಪ್ರಯೋಗದಿಂದ. ಆ ಹಾಳೆಯ ಮೇಲೆ ಹಾಯಿಸಿದ, ಪ್ಲಸ್ ಚಾರ್ಜಿನ ಆಲ್ಫಾ ಕಣಗಳು ಬಹುಪಾಲು ನೇರ ದಾಟಿ ಹೋದವು. ಎಲ್ಲೋ ಕೆಲವು ಮಾತ್ರ ಬಂದ ದಾರಿಯಲ್ಲೇ ವಾಪಸ್ ಚಿಮ್ಮಿದವು. ನಡುವೆ ಪುಟ್ಟದಾದ, ಗಟ್ಟಿಯಾದ, ಪ್ಲಸ್ ಚಾರ್ಜಿನ ಏನೋ ಇರದೆ ಹಾಗಾಗಲು ಸಾಧ್ಯವಿರಲಿಲ್ಲ.

ಈಗ ಎಲೆಕ್ಟ್ರಾನ್ ಕೂರಿಸೋಣ. ಒಳಗಿನ ಮೊದಲ ಕವಚದಲ್ಲಿ ಎರಡಕ್ಕೆ ಮಾತ್ರ ಜಾಗ. ಎರಡನೆಯದರಲ್ಲಿ ಎಂಟು. ಮೂರನೆಯದರಲ್ಲೂ ಸದ್ಯಕ್ಕೆ ಎಂಟು ಅಂತಿಟ್ಟುಕೊಳ್ಳಿ. ಒಳಗಿನದು ತುಂಬಿದ ಮೇಲೆ ಹೊರಗಿನದಕ್ಕೆ. ಸೋಡಿಯಂ: 2, 8, 1. ಕ್ಲೋರಿನ್‌ಗೆ 17 ಎಲೆಕ್ಟ್ರಾನ್: 2, 8, 7. ಕ್ಯಾಲ್ಸಿಯಂಗೆ 20: 2, 8, 8, 2.

ಈ ನಿಯಮ ಕ್ಯಾಲ್ಸಿಯಂವರೆಗೆ, ಅಂದರೆ 20ರವರೆಗೆ ಮಾತ್ರ ನಡೆಯುತ್ತದೆ. ಕಬ್ಬಿಣ, ತಾಮ್ರ, ಸತುವಿಗೆ ಹೀಗೆ ಮಾಡಲು ಹೋದರೆ ಉತ್ತರ ತಪ್ಪುತ್ತದೆ. ಮತ್ತೆ, ಪುಸ್ತಕದಲ್ಲಿ ಕವಚಗಳನ್ನು ದುಂಡಗಿನ ಗೆರೆಗಳಾಗಿ ಬರೆದಿರುತ್ತಾರಲ್ಲ, ಅದು ಲೆಕ್ಕಕ್ಕೆ ಅನುಕೂಲದ ಚಿತ್ರ. ಎಲೆಕ್ಟ್ರಾನ್ ಗಾಣದ ಎತ್ತಿನ ಹಾಗೆ ಆ ಗೆರೆಯ ಮೇಲೆ ಸುತ್ತುವುದಿಲ್ಲ. ಅದು ನ್ಯೂಕ್ಲಿಯಸ್ಸಿನ ಸುತ್ತ ಮಂಜಿನಂತೆ ಹರಡಿಕೊಂಡಿರುತ್ತದೆ. ಕವಚ ಅಂದರೆ ಅದರ ಶಕ್ತಿಯ ಮಟ್ಟ.

ಹೆಜ್ಜೆ 4: ಕೊನೆಯ ಕವಚ ನೋಡಿ

ಕೊನೆಯ ಕವಚದಲ್ಲಿ ಒಂದು, ಎರಡು ಅಥವಾ ಮೂರು ಎಲೆಕ್ಟ್ರಾನ್ ಇದ್ದರೆ ಸಾಮಾನ್ಯವಾಗಿ ಆ ಪರಮಾಣು ಅವನ್ನು ಬಿಟ್ಟುಕೊಡುತ್ತದೆ. ಲೋಹಗಳೆಲ್ಲ ಹೀಗೆ. ಐದು, ಆರು, ಏಳು ಇದ್ದರೆ ಎಂಟಾಗುವಷ್ಟು ತೆಗೆದುಕೊಳ್ಳುತ್ತದೆ. ನಾಲ್ಕಿರುವ ಇಂಗಾಲ ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ. ಇನ್ನೊಬ್ಬರೊಡನೆ ಹಂಚಿಕೊಳ್ಳುತ್ತದೆ. ಹೀಲಿಯಂ, ನಿಯಾನ್, ಆರ್ಗಾನ್‌ಗಳ ಕೊನೆಯ ಕವಚ ಮೊದಲೇ ತುಂಬಿರುತ್ತದೆ, ಅವು ತಮ್ಮ ಪಾಡಿಗೆ ಇರುತ್ತವೆ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಬಹಳ ಕಡೆ "ಸೋಡಿಯಂ ತನ್ನ ಎಲೆಕ್ಟ್ರಾನ್ ಕೊಡಲು ಕಾಯುತ್ತಿರುತ್ತದೆ" ಅಂತ ಹೇಳಿಕೊಡುತ್ತಾರೆ. ಇದು ನಿಜ ಅಲ್ಲ. ಸೋಡಿಯಂ ಕೈಯಿಂದ ಎಲೆಕ್ಟ್ರಾನ್ ಬಿಡಿಸಲು ಶಕ್ತಿ ಖರ್ಚು ಮಾಡಲೇಬೇಕು. ಹಾಗಾದರೆ ಉಪ್ಪು ಹೇಗಾಗುತ್ತದೆ? ಸಂತೆಗೆ ಹೋಗಿ ಬಂದವರು ಬರೆಯುವ ಹಾಗೆ ಖರ್ಚು, ಆದಾಯ ಎರಡನ್ನೂ ಬರೆದು ನೋಡೋಣ. 23 ಗ್ರಾಂ ಸೋಡಿಯಂ, 35.5 ಗ್ರಾಂ ಕ್ಲೋರಿನ್ ಸೇರಿ 58.5 ಗ್ರಾಂ ಉಪ್ಪು ಆಗುವಾಗಿನ ಲೆಕ್ಕ ಇದು. ಎಲ್ಲ ಕಿಲೋಜೌಲ್‌ನಲ್ಲಿ.

ಮೊದಲು ಖರ್ಚು. ಸೋಡಿಯಂ ಲೋಹದ ತುಂಡಿನಿಂದ ಪರಮಾಣುಗಳನ್ನು ಬಿಡಿ ಬಿಡಿ ಮಾಡಲು 107. ಜೋಡಿಯಾಗಿರುವ ಕ್ಲೋರಿನ್ ಪರಮಾಣುಗಳನ್ನು ಬೇರೆ ಮಾಡಲು 122. ಸೋಡಿಯಂನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಲು 496. ಒಟ್ಟು 725.

ಈಗ ಆದಾಯ. ಆ ಎಲೆಕ್ಟ್ರಾನನ್ನು ಕ್ಲೋರಿನ್ ತೆಗೆದುಕೊಂಡಾಗ ಹೊರಬರುವುದು 349. ಖರ್ಚಿನ ಅರ್ಧವೂ ಇಲ್ಲ! ಇಲ್ಲಿಗೇ ನಿಂತಿದ್ದರೆ ಉಪ್ಪು ಹುಟ್ಟುತ್ತಲೇ ಇರಲಿಲ್ಲ. ಆದರೆ ಈಗ ಒಂದು ಕಡೆ ಪ್ಲಸ್ಸು, ಇನ್ನೊಂದು ಕಡೆ ಮೈನಸ್ಸು. ಅವು ಒಂದನ್ನೊಂದು ಎಳೆದುಕೊಂಡು ಸಾಲು ಸಾಲಾಗಿ ಹರಳು ಕಟ್ಟುತ್ತವೆ. ಒಂದು ಸೋಡಿಯಂ ಸುತ್ತ ಆರು ಕ್ಲೋರೈಡ್, ಒಂದು ಕ್ಲೋರೈಡ್ ಸುತ್ತ ಆರು ಸೋಡಿಯಂ. ಹೀಗೆ ಹರಳು ಕಟ್ಟುವಾಗ ಬರುವುದು 787. ಒಟ್ಟು ಆದಾಯ 1136. ಖರ್ಚು ಕಳೆದರೆ ಉಳಿಯುವುದು 411. ಸೋಡಿಯಂ ಕ್ಲೋರಿನ್‌ನಲ್ಲಿ ಉರಿಯುವಾಗ ಕಾಣುವ ಬೆಳಕು, ಬಿಸಿ ಎಲ್ಲ ಈ 411ರದ್ದು.

ಅಂದರೆ ಉಪ್ಪು ಹುಟ್ಟುವುದು ಒಂದು ಪರಮಾಣುವಿನ ಉದಾರತನದಿಂದಲ್ಲ, ಕೋಟಿ ಕೋಟಿ ಅಯಾನುಗಳು ಒಟ್ಟಿಗೆ ಸೇರಿ ಕೂರುವುದರಿಂದ. ನನ್ನ ಮಟ್ಟಿಗೆ ಇಡೀ ಪಾಠದ ಚೆಂದ ಇರುವುದು ಈ ಲೆಕ್ಕದಲ್ಲಿ.

ಹಾಗಾದರೆ ಸೋಡಿಯಂ ಎರಡು ಎಲೆಕ್ಟ್ರಾನ್ ಯಾಕೆ ಕೊಡಬಾರದು? ಎರಡನೆಯದು ಒಳಗಿನ ತುಂಬಿದ ಕವಚದಿಂದ ಬರಬೇಕು. ಅದಕ್ಕೆ ಬೇಕಾಗುವುದು 4562, ಮೊದಲನೆಯದರ ಒಂಬತ್ತು ಪಟ್ಟು. ಯಾವ ಹರಳೂ ಆ ನಷ್ಟ ತುಂಬಿಕೊಡಲಾರದು. ಅದಕ್ಕೇ ಸೋಡಿಯಂ ಒಂದಕ್ಕೇ ನಿಲ್ಲುತ್ತದೆ.

ಹೆಜ್ಜೆ 5: ಕಳೆಯಿರಿ

ಚಾರ್ಜ್ = ಪ್ರೋಟಾನ್ − ಎಲೆಕ್ಟ್ರಾನ್. ಇಷ್ಟೇ ಸೂತ್ರ.

ಸೋಡಿಯಂ: 11 − 10 = +1. ಕ್ಲೋರಿನ್ ಒಂದು ಪಡೆದ ಮೇಲೆ: 17 − 18 = −1. ಕ್ಯಾಲ್ಸಿಯಂ ಎರಡು ಕೊಟ್ಟ ಮೇಲೆ: 20 − 18 = +2. ಆಕ್ಸಿಜನ್ ಎರಡು ಪಡೆದ ಮೇಲೆ: 8 − 10 = −2.

ಕೊಟ್ಟವರಿಗೆ ಪ್ಲಸ್ಸು, ತೆಗೆದುಕೊಂಡವರಿಗೆ ಮೈನಸ್ಸು ಯಾಕೆ ಅಂತ ಹೊಸಬರಿಗೆ ತಲೆಬಿಸಿ. ಕೊಟ್ಟ ವಸ್ತುವೇ ಮೈನಸ್ ಅಲ್ವಾ? ಮೈನಸ್ ಹೋದರೆ ಉಳಿಯುವುದು ಪ್ಲಸ್. ಇನ್ನೂ ಗೊಂದಲ ಇದ್ದರೆ ಕನ್ನಡವೇ ನಿಮ್ಮ ಸಹಾಯಕ್ಕೆ ಬರುತ್ತದೆ. ಪ್ಲಸ್ ಅಯಾನಿಗೆ ಧನ ಅಯಾನು ಅಂತಲೂ, ಮೈನಸ್ ಅಯಾನಿಗೆ ಋಣ ಅಯಾನು ಅಂತಲೂ ಹೆಸರು. ಇನ್ನೊಬ್ಬರಿಂದ ತಂದಿಟ್ಟುಕೊಂಡದ್ದು ಋಣ. ಕ್ಲೋರಿನ್ ಎಲೆಕ್ಟ್ರಾನ್ ತಂದಿತು, ಋಣ ಅಯಾನಾಯಿತು. ನಮ್ಮ ಹುಡುಗಿಗೆ ಇದನ್ನು ಹೇಳಿದ ಮೇಲೆ ಮತ್ತೆ ತಪ್ಪಲಿಲ್ಲ.

ಒಂದು ಸೊಗಸಾದ ಸಂಗತಿ ನೋಡಿ. ಆಕ್ಸೈಡ್ ಅಯಾನು, ಫ್ಲೋರೈಡ್ ಅಯಾನು, ನಿಯಾನ್ ಪರಮಾಣು, ಸೋಡಿಯಂ ಅಯಾನು, ಮೆಗ್ನೀಸಿಯಂ ಅಯಾನು, ಅಲ್ಯೂಮಿನಿಯಂ ಅಯಾನು, ಈ ಆರರಲ್ಲೂ ಹತ್ತೇ ಎಲೆಕ್ಟ್ರಾನ್. ಪ್ರೋಟಾನ್ ಮಾತ್ರ ಕ್ರಮವಾಗಿ 8, 9, 10, 11, 12, 13. ಸೋಡಿಯಂ ಅಯಾನಿನಲ್ಲಿ ನಿಯಾನ್‌ನಷ್ಟೇ ಎಲೆಕ್ಟ್ರಾನ್ ಇದ್ದರೂ ಅದು ನಿಯಾನ್ ಆಗುವುದಿಲ್ಲ. ನ್ಯೂಕ್ಲಿಯಸ್ಸಿನಲ್ಲಿ ಆ ವೃತ್ತ ಹಾಕಿಟ್ಟ 11 ಹಾಗೇ ಇದೆಯಲ್ಲ.

ಎಲೆಕ್ಟ್ರಾನ್ ಹೋದರೆ, ಬಂದರೆ ಗಾತ್ರವೂ ಬದಲಾಗುತ್ತದೆ. ಸೋಡಿಯಂ ತನ್ನ ಹೊರ ಕವಚವನ್ನೇ ಕಳೆದುಕೊಂಡು ಅಯಾನಾದಾಗ ಅದರ ತ್ರಿಜ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕ್ಲೋರಿನ್ ಹಿಗ್ಗುತ್ತದೆ.

ಹೆಜ್ಜೆ 6: ಹೆಸರಿಟ್ಟು ಬರೆಯಿರಿ

ಬರೆಯುವಾಗ ತಲೆಯ ಮೇಲೆ ಮೊದಲು ಸಂಖ್ಯೆ, ಆಮೇಲೆ ಗುರುತು: ಕ್ಯಾಲ್ಸಿಯಂ²⁺, ಆಕ್ಸೈಡ್²⁻. ಒಂದಾದರೆ ಬರೀ ಗುರುತು ಸಾಕು: ಸೋಡಿಯಂ⁺, ಕ್ಲೋರೈಡ್⁻.

ಲೋಹದ ಅಯಾನಿಗೆ ಹೆಸರು ಬದಲಾಗುವುದಿಲ್ಲ. ಗೊಂದಲಕ್ಕೆ ಮೂಲವೇ ಇದು. ಡಾಕ್ಟರು "ಸೋಡಿಯಂ" ಅಂದರೂ, ಶೀಶೆಯಲ್ಲಿ ಸೀಮೆಎಣ್ಣೆಯೊಳಗೆ ಮುಳುಗಿಸಿಟ್ಟ ಲೋಹವೂ "ಸೋಡಿಯಂ". ಅಲೋಹಗಳ ಹೆಸರಿನ ಕೊನೆ ಮಾತ್ರ ಬದಲಾಗುತ್ತದೆ: ಕ್ಲೋರಿನ್ ಕ್ಲೋರೈಡ್ ಆಗುತ್ತದೆ, ಫ್ಲೋರಿನ್ ಫ್ಲೋರೈಡ್, ಆಕ್ಸಿಜನ್ ಆಕ್ಸೈಡ್, ಗಂಧಕ ಸಲ್ಫೈಡ್. ಎಲ್ಲಾದರೂ ಈ ಥರದ ಹೆಸರು ಕಂಡರೆ ಅಲ್ಲಿ ಸಾಮಾನ್ಯವಾಗಿ ಋಣ ಅಯಾನು ಇದೆ ಅಂದುಕೊಳ್ಳಬಹುದು.

ಕಬ್ಬಿಣ ಎರಡು ವೇಷದಲ್ಲಿ ಬರುತ್ತದೆ. ಎರಡು ಎಲೆಕ್ಟ್ರಾನ್ ಕಳೆದುಕೊಂಡರೆ ಫೆರಸ್, ಮೂರು ಕಳೆದುಕೊಂಡರೆ ಫೆರಿಕ್. ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ಫೆರಸ್. ತುಕ್ಕಿಗೂ ನಮ್ಮ ಕೆಮ್ಮಣ್ಣಿಗೂ ಬಣ್ಣ ಕೊಡುವುದು ಫೆರಿಕ್. ಇನ್ನು ಸಲ್ಫೇಟ್, ನೈಟ್ರೇಟ್, ಅಮೋನಿಯಂನಂಥವು ಹಲವು ಪರಮಾಣುಗಳ ಗುಂಪು. ಗುಂಪಿಗೆಲ್ಲ ಸೇರಿ ಒಂದು ಚಾರ್ಜ್.

ಹೆಜ್ಜೆ 7: ಜೋಡಿ ಕೂರಿಸಿ, ಸೊನ್ನೆ ಬರಬೇಕು

ಸಂಯುಕ್ತದಲ್ಲಿ ಪ್ಲಸ್ಸು ಮೈನಸ್ಸು ಸಮ ಆಗಬೇಕು. ಸೋಡಿಯಂಗೆ ಒಂದು ಕ್ಲೋರೈಡ್ ಸಾಕು. ಕ್ಯಾಲ್ಸಿಯಂಗೆ ಎರಡು ಬೇಕು. ಅಲ್ಯೂಮಿನಿಯಂ +3, ಆಕ್ಸೈಡ್ −2. ಎರಡು ಅಲ್ಯೂಮಿನಿಯಂಗೆ +6, ಮೂರು ಆಕ್ಸೈಡಿಗೆ −6. ಸೊನ್ನೆ ಬಂತು, ಸೂತ್ರ ಸಿಕ್ಕಿತು.

ಮನೆಯಲ್ಲೇ ಅಯಾನು ನೋಡುವ ಪ್ರಯೋಗ

ಅಯಾನು ಕಣ್ಣಿಗೆ ಕಾಣದು, ಆದರೆ ಅದು ಓಡಾಡುವುದನ್ನು ತೋರಿಸಬಹುದು. ಬೇಕಾದದ್ದು: 9 ವೋಲ್ಟಿನ ಚಿಕ್ಕ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, 470 ಓಮ್‌ನ ಒಂದು ರೆಸಿಸ್ಟರ್, ಮೂರ್ನಾಲ್ಕು ತುಂಡು ವೈರು, ಎರಡೂ ತುದಿ ಕೆತ್ತಿದ ಎರಡು ಪೆನ್ಸಿಲ್, ಗಾಜಿನ ಲೋಟ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸ್ವಲ್ಪ. ಕಿಟಕಿ ತೆರೆದಿರಲಿ, ದೊಡ್ಡವರೊಬ್ಬರು ಜೊತೆಗಿರಲಿ. ಗೋಡೆಯ ಪ್ಲಗ್ಗಿಗೆ ಮಾತ್ರ ಯಾವ ಕಾರಣಕ್ಕೂ ಜೋಡಿಸಬೇಡಿ. ಅದು ಪ್ರಾಣಕ್ಕೇ ಅಪಾಯ.

ಬ್ಯಾಟರಿಯ ಪ್ಲಸ್ಸಿನಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು. ಅದರ ಗಿಡ್ಡ ಕಾಲಿನಿಂದ ಒಂದು ಪೆನ್ಸಿಲಿನ ಮೇಲಿನ ಸೀಸಕ್ಕೆ. ಇನ್ನೊಂದು ಪೆನ್ಸಿಲಿನ ಸೀಸದಿಂದ ಬ್ಯಾಟರಿಯ ಮೈನಸ್ಸಿಗೆ. ಎರಡೂ ಪೆನ್ಸಿಲಿನ ಕೆಳತುದಿ ನೀರಿನಲ್ಲಿ ಮುಳುಗಿರಲಿ, ಒಂದಕ್ಕೊಂದು ತಾಗದಿರಲಿ.

ಮೊದಲು ಡಿಸ್ಟಿಲ್ಡ್ ವಾಟರ್. ಎಲ್‌ಇಡಿ ಹತ್ತುವುದಿಲ್ಲ. ಒಂದು ಚಮಚ ಸಕ್ಕರೆ ಕದಡಿ. ಆಗಲೂ ಇಲ್ಲ. ಸಕ್ಕರೆ ಅಣುವಾಗಿಯೇ ಕರಗುತ್ತದೆ, ಅದಕ್ಕೆ ಚಾರ್ಜ್ ಇಲ್ಲ. ಲೋಟ ತೊಳೆದು ಮತ್ತೆ ಡಿಸ್ಟಿಲ್ಡ್ ವಾಟರ್ ತುಂಬಿ, ಈಗ ಚಿಟಿಕೆ ಚಿಟಿಕೆಯಾಗಿ ಉಪ್ಪು ಹಾಕಿ. ಮೊದಲ ಚಿಟಿಕೆ ತಳ ಸೇರುವ ಹೊತ್ತಿಗೆ ಎಲ್‌ಇಡಿಯೊಳಗೆ ಕೆಂಡದ ಚೂರಿನಂಥ ಮಂದ ಬೆಳಕು. ಕದಡಿದಂತೆ ಬೆಳಕು ಏರುತ್ತದೆ. ಆಗ ಬ್ಯಾಟರಿಯ ಮೈನಸ್ಸಿಗೆ ಸೇರಿದ ಪೆನ್ಸಿಲಿನ ತುದಿ ನೋಡಿ. ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು ಸೀಸಕ್ಕೆ ಅಂಟಿಕೊಂಡು, ದಪ್ಪಗಾಗಿ, ಬಿಟ್ಟು ಮೇಲೇರುತ್ತವೆ. ಅದು ಹೈಡ್ರೋಜನ್. ಸೋಡಿಯಂ ಅಯಾನುಗಳು ಆ ಕಡೆಗೇ ಸಾಗುತ್ತಿರುತ್ತವೆ, ಆದರೆ ಅಲ್ಲಿ ಎಲೆಕ್ಟ್ರಾನ್ ತೆಗೆದುಕೊಳ್ಳುವುದು ನೀರು. ಸೋಡಿಯಂ ಅಯಾನಾಗಿಯೇ ಉಳಿಯುತ್ತದೆ. ಇನ್ನೊಂದು ತುದಿಯಲ್ಲಿ ಸ್ವಲ್ಪ ಕ್ಲೋರಿನ್ ಹುಟ್ಟಬಹುದು, ಅದಕ್ಕೇ ಕಿಟಕಿ ತೆರೆಯಲು ಹೇಳಿದ್ದು. ಒಂದೆರಡು ನಿಮಿಷ ನೋಡಿ, ಬ್ಯಾಟರಿ ಬಿಚ್ಚಿ, ನೀರು ಚೆಲ್ಲಿ, ಕೈ ತೊಳೆಯಿರಿ. ಆ ನೀರನ್ನು ಬಾಯಿಗೆ ಹಾಕಬೇಡಿ.

ಬೋರ್‌ವೆಲ್ ನೀರಿದ್ದರೆ ಅದನ್ನೂ ಇಟ್ಟು ನೋಡಿ. ಉಪ್ಪು ಹಾಕದೆಯೇ ಎಲ್‌ಇಡಿ ಮಿಣುಕಬಹುದು. ಅದರಲ್ಲಿ ಮೊದಲೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳಿರುತ್ತವೆ. ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವುದು, ಸೋಪು ನೊರೆ ಬಾರದಿರುವುದು ಇವುಗಳಿಂದಲೇ.

ಈ ಪ್ರಯೋಗದಿಂದ "ಉಪ್ಪು ನೀರಿಗೆ ಬಿದ್ದ ಮೇಲೆ ಅಯಾನಾಯಿತು" ಅಂದುಕೊಳ್ಳಬೇಡಿ. ಹರಳಿನಲ್ಲಿದ್ದಾಗಲೇ ಅವು ಅಯಾನುಗಳು. 0.1 ಮಿಲಿಗ್ರಾಂ ತೂಗುವ ಒಂದು ಉಪ್ಪಿನ ಕಣದಲ್ಲಿ ಸೋಡಿಯಂ ಅಯಾನು ಎಷ್ಟಿರುತ್ತವೆ ಗೊತ್ತಾ? 1ರ ಮುಂದೆ 18 ಸೊನ್ನೆ ಬರೆದರೆ ಬರುವಷ್ಟು. ಅಷ್ಟೇ ಕ್ಲೋರೈಡ್. ನೀರು ಮಾಡುವುದು ಅವನ್ನು ಬಿಡಿಸುವ ಕೆಲಸ. ನೀರಿನ ಅಣುವಿನಲ್ಲಿ ಆಕ್ಸಿಜನ್ ಕಡೆ ಸ್ವಲ್ಪ ಮೈನಸ್, ಹೈಡ್ರೋಜನ್ ಕಡೆ ಸ್ವಲ್ಪ ಪ್ಲಸ್. ಆಕ್ಸಿಜನ್ ಮುಖ ಮಾಡಿ ಸೋಡಿಯಂ ಸುತ್ತ, ಹೈಡ್ರೋಜನ್ ಮುಖ ಮಾಡಿ ಕ್ಲೋರೈಡ್ ಸುತ್ತ ನಿಂತು ಒಂದೊಂದನ್ನೇ ಎಳೆದುಕೊಂಡು ಹೋಗುತ್ತವೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಗದ್ದೆಗಳಲ್ಲಿ ನಡೆಯುವುದು ಇದರ ತಿರುಗುಮುರುಗು. ಬಿಸಿಲಿಗೆ ನೀರು ಆರಿದಂತೆ ಅಯಾನುಗಳು ಮತ್ತೆ ಕೈಹಿಡಿದು ಹರಳಾಗುತ್ತವೆ.

ಈಗ ಇಷ್ಟು ಸಲೀಸಾಗಿ ಹೇಳುತ್ತೇವೆ. ಆದರೆ ಉಪ್ಪು ನೀರಿನಲ್ಲಿ ಸುಮ್ನೆ ಚಾರ್ಜ್ ಇರುವ ತುಣುಕುಗಳಾಗಿ ಓಡಾಡುತ್ತದೆ ಎಂಬುದನ್ನು ಒಂದು ಕಾಲಕ್ಕೆ ಯಾರೂ ನಂಬಲಿಲ್ಲ. ಅಯಾನ್ ಎಂಬ ಪದವನ್ನು ಮೈಕಲ್ ಫ್ಯಾರಡೆ 1834ರಲ್ಲೇ ಬಳಕೆಗೆ ತಂದಿದ್ದ. ಗ್ರೀಕ್ ಭಾಷೆಯಲ್ಲಿ "ಹೋಗುವಂಥದ್ದು" ಅಂತ ಅದರ ಅರ್ಥ. ಆದರೆ ವಿದ್ಯುತ್ ಹರಿಸದಿದ್ದರೂ ಅಯಾನುಗಳು ಬಿಡಿಯಾಗಿರುತ್ತವೆ ಎಂಬ ವಿಚಾರಕ್ಕೆ ದಾರಿ ತೆರೆದದ್ದು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್, 1884ರ ತನ್ನ ಡಾಕ್ಟರೇಟ್ ಪ್ರಬಂಧದಿಂದ. ಪರೀಕ್ಷಕರು ಅದಕ್ಕೆ ತೀರಾ ಕೆಳಗಿನ ದರ್ಜೆ ಕೊಟ್ಟರು. 1903ರಲ್ಲಿ ಅದೇ ವಿಚಾರಕ್ಕೆ ನೊಬೆಲ್ ಬಂತು.

ಬಿಸಿಯಿಂದಲೂ ಅಯಾನು

ಎಲೆಕ್ಟ್ರಾನ್ ಹೋಗಲು ಪಕ್ಕದಲ್ಲಿ ಕ್ಲೋರಿನ್ ಇರಲೇಬೇಕೆಂದಿಲ್ಲ. ಸಾಕಷ್ಟು ಬಿಸಿ ಇದ್ದರೂ ಕಿತ್ತುಕೊಂಡು ಹೋಗುತ್ತದೆ. ಎಷ್ಟು ಬಿಸಿಗೆ, ಎಷ್ಟು ಒತ್ತಡಕ್ಕೆ, ಎಷ್ಟು ಪಾಲು ಪರಮಾಣುಗಳು ಅಯಾನಾಗುತ್ತವೆ ಎಂಬ ಸಮೀಕರಣ ಕೊಟ್ಟವರು ನಮ್ಮ ಮೇಘನಾದ ಸಾಹಾ, 1920ರಲ್ಲಿ. ಸೂರ್ಯನ ಮೇಲ್ಪದರದಲ್ಲಿ ಕ್ಯಾಲ್ಸಿಯಂ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯಲ್ಲಿ ಸಿಗುತ್ತದೆ. ಭೂಮಿಯ ಮೇಲಿನ ನಮ್ಮ ಕ್ಯಾಲ್ಸಿಯಂನಂತೆ ಎರಡಲ್ಲ, ಒಂದು. ಆ ಅಯಾನಿನ ಬೆಳಕಿನಲ್ಲೇ ಸೂರ್ಯನ ಚಿತ್ರ ತೆಗೆಯುವ ಕೆಲಸ ಕೊಡೈಕನಾಲ್ ವೀಕ್ಷಣಾಲಯದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದಿದೆ. ಅದನ್ನು ಈಗ ನೋಡಿಕೊಳ್ಳುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ.

ಅಡುಗೆಮನೆಯಲ್ಲಿ ಇದಕ್ಕೆ ಉಲ್ಟಾ ನಡೆಯುತ್ತದೆ. ಉಪ್ಪು ಹಾಕಿದ ಸಾರು ಉಕ್ಕಿ ಒಲೆಗೆ ಚೆಲ್ಲಿದಾಗ ನೀಲಿ ಜ್ವಾಲೆ ತಟ್ಟನೆ ಹಳದಿಯಾಗುವುದನ್ನು ನೋಡಿರುತ್ತೀರಿ. ಜ್ವಾಲೆಯಲ್ಲಿ ಸೋಡಿಯಂ ಅಯಾನು ಕ್ಷಣಕಾಲ ಎಲೆಕ್ಟ್ರಾನ್ ವಾಪಸ್ ಪಡೆದು ಪರಮಾಣು ಆಗುತ್ತದೆ. ಆ ಹಳದಿ ಅದು ಬೀರುವ ಬೆಳಕು.

ಹೆಸರು ಒಂದೇ, ಗುಣ ಬೇರೆ

ಫ್ಲೋರಿನ್ ಅನಿಲ ಹತ್ತಿರ ಸುಳಿಯಲಾಗದಷ್ಟು ಉಗ್ರ. ಫ್ಲೋರೈಡ್ ಅಯಾನು ಅಷ್ಟು ಉಗ್ರವಲ್ಲ, ಟೂತ್‌ಪೇಸ್ಟಿನಲ್ಲೂ ಇರುತ್ತದೆ. ಆದರೆ ಕುಡಿಯುವ ನೀರಿನಲ್ಲಿ ಮಿತಿ ಮೀರಿದರೆ ಹಲ್ಲು ಕಂದುಗಟ್ಟುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅಯಾನು ಉಳಿಯುವುದರಿಂದ ಸಾಂದ್ರತೆ ಜಾಸ್ತಿಯೇ ಆಗುತ್ತದೆ. ದಯವಿಟ್ಟು ಈ ಮಾತನ್ನು ಮನೆಯ ಹಿರಿಯರಿಗೂ ಹೇಳಿ.

ಸೋಡಿಯಂ ವಿಷಯದಲ್ಲೂ ಒಂದು ಎಚ್ಚರಿಕೆ. ರಿಪೋರ್ಟಿನಲ್ಲಿ ಕಮ್ಮಿ ಬಂತು ಅಂತ ಮನೆಯಲ್ಲೇ ಉಪ್ಪು ತಿನ್ನಿಸಬೇಡಿ. ಅಲ್ಲಿ ಇರುವ ಸಂಖ್ಯೆ ಒಂದು ಲೀಟರಿನಲ್ಲಿ ಅಯಾನು ಎಷ್ಟು ಎಂಬ ಲೆಕ್ಕ. ಮೈಯಲ್ಲಿ ನೀರು ಜಾಸ್ತಿ ಉಳಿದರೂ ಆ ಸಂಖ್ಯೆ ಇಳಿಯುತ್ತದೆ. ಕಾರಣ ಯಾವುದು, ಎಷ್ಟು ನಿಧಾನವಾಗಿ ಸರಿಪಡಿಸಬೇಕು ಎಂಬುದನ್ನು ಡಾಕ್ಟರೇ ನೋಡಬೇಕು.

ಕೈ ಕೂರಲು ಕೆಲವು ಲೆಕ್ಕ

ಉತ್ತರ ಪಕ್ಕದಲ್ಲೇ ಇದೆ, ಮುಚ್ಚಿಟ್ಟು ಮಾಡಿ. ಪೊಟ್ಯಾಸಿಯಂನಲ್ಲಿ 19 ಪ್ರೋಟಾನ್: 2, 8, 8, 1, ಒಂದು ಕೊಡುತ್ತದೆ, ಅಯಾನಿನಲ್ಲಿ 18 ಎಲೆಕ್ಟ್ರಾನ್, ಚಾರ್ಜ್ +1. ಗಂಧಕದಲ್ಲಿ 16: 2, 8, 6, ಎರಡು ಪಡೆಯುತ್ತದೆ, 18 ಎಲೆಕ್ಟ್ರಾನ್, −2. ಒಂದು ಕಣದಲ್ಲಿ 26 ಪ್ರೋಟಾನ್, 23 ಎಲೆಕ್ಟ್ರಾನ್ ಇವೆ, ಅದು ಯಾವುದು? ಪ್ರೋಟಾನ್ 26 ಅಂದರೆ ಕಬ್ಬಿಣ, ಚಾರ್ಜ್ +3, ಹಾಗಾಗಿ ಫೆರಿಕ್.

ಅಮ್ಮ ಐದು ದಿನಕ್ಕೆ ಮನೆಗೆ ಬಂದರು. ಬಿಡುಗಡೆಯ ದಿನದ ರಿಪೋರ್ಟಿನಲ್ಲಿ ಸೋಡಿಯಂ 136. ಅದರಲ್ಲಿ ನಾಲ್ಕು ಸಾಲು: ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್, ಬೈಕಾರ್ಬನೇಟ್. ಮೊದಲ ಮೂರರ ಎದುರು ಹುಡುಗಿ ಪ್ರೋಟಾನ್, ಎಲೆಕ್ಟ್ರಾನ್ ಎರಡನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು. ನಾಲ್ಕನೆಯದಕ್ಕೆ ಬಂದಾಗ, "ಇದು ಗುಂಪು, ಹೆಂಗೆ ಎಣಿಸೋದು?" ಅಂದಳು. ಒಂದು ಹೈಡ್ರೋಜನ್, ಒಂದು ಇಂಗಾಲ, ಮೂರು ಆಕ್ಸಿಜನ್, ಚಾರ್ಜ್ −1 ಅಂತ ಹೇಳಿ ಸುಮ್ಮನಾದೆ. ಅವಳು ಬೆರಳು ಮಡಚಿ 1, 6, 24 ಕೂಡಿದಳು. 31 ಪ್ರೋಟಾನ್. ಒಂದು ಋಣ ಸೇರಿಸಿ, 32 ಎಲೆಕ್ಟ್ರಾನ್ ಅಂತ ಬರೆದಳು.